ಕಳೆದ ಕಡತದ ಹೊಣೆ ಯಾರದು?

ಪ್ರಶ್ನೆ: ನಾನು ಬಯಲುಸೀಮೆಯ ಒಬ್ಬ ರೈತ. ಎಂಬತ್ತರ ದಶಕದಲ್ಲಿ ನಮ್ಮ ತಂದೆಯವರಿಗೆ ಗೋಮಾಳದ ಸರ್ವೆ ನಂಬರೊಂದರಲ್ಲಿ 2 ಎಕರೆ ಜಮೀನು ಮಂಜೂರಾಗಿ, ಸಾಗುವಳಿ ಚೀಟಿ ಕೊಟ್ಟಿದ್ದಾರೆ. ಅಂದಿನಿಂದ ನಾವೇ ಉಳುತ್ತಿದ್ದೇವೆ, ಕಂದಾಯದ ರಸೀದಿಗಳಿವೆ, ಪಹಣಿಯಲ್ಲಿ ಹೆಸರೂ ಇದೆ. ಆದರೆ ಅದೇ ಪಹಣಿಯಲ್ಲಿ ಇನ್ನೂ ಇಪ್ಪತ್ತಕ್ಕೂ ಹೆಚ್ಚು ಜನರ ಹೆಸರುಗಳಿವೆ. ಪೋಡಿ ಮಾಡಿಕೊಡಿ, ಅಂದರೆ ನಮ್ಮ ತುಂಡನ್ನು ಅಳೆದು ಪ್ರತ್ಯೇಕ ನಂಬರು ಕೊಡಿ, ಎಂದರೆ ಮಂಜೂರಾತಿ ಕಡತ ಬೇಕು ಎಂದರು. ಕಡತದ ನಕಲಿಗೆ ಅರ್ಜಿ ಹಾಕಿದರೆ ‘ಕಡತ ಲಭ್ಯವಿಲ್ಲ’ ಎಂಬ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಬಂತು. ಸರ್ಕಾರಿ ಸೇವೆಗಳಿಗೆ ಗಡುವು ಹಾಕಿದ ‘ಸಕಾಲ’ ಯೋಜನೆಯಲ್ಲಿ ನೋಡಿದರೆ ನನ್ನ ಅರ್ಜಿ ವಿಲೇವಾರಿಯಾಗಿದೆ ಎಂದು ತೋರಿಸುತ್ತಿದೆ. ಪಹಣಿಯ ಗಣಕೀಕರಣದ ಭೂಮಿ, ಜಮೀನಿನ ಅಳತೆ ಅರ್ಜಿಗಳ ಮೋಜಿಣಿ, ಸಕಾಲ, ಮಾಹಿತಿ ಹಕ್ಕು ಎಲ್ಲವೂ ಬಂದ ಮೇಲೂ ಹೀಗೇಕೆ? ಇದು ನೌಕರರ ಭ್ರಷ್ಟಾಚಾರವೋ, ಕಾನೂನಿನ ದೋಷವೋ? ಸುಧಾರಣೆ ನಿಜವಾಗಿ ಆಗಬೇಕಾದದ್ದು ಎಲ್ಲಿ?

ಉತ್ತರ: ಮಾನ್ಯರೇ, ಈ ತೊಂದರೆ ನಿಮ್ಮೊಬ್ಬರದಲ್ಲ. 1969ರ ಭೂ ಮಂಜೂರಾತಿ ನಿಯಮಗಳ ಅಡಿಯಲ್ಲಿ, ಆಮೇಲೆ ಬಗರ್‌ಹುಕುಂ (ಅನುಮತಿಯಿಲ್ಲದೆ ಉಳುತ್ತಿದ್ದ ಸರ್ಕಾರಿ ಜಮೀನಿನ) ಸಕ್ರಮದ ನಮೂನೆ 50 ಮತ್ತು 53ರ ಅಡಿಯಲ್ಲಿ ಜಮೀನು ಪಡೆದ ಲಕ್ಷಾಂತರ ಕುಟುಂಬಗಳು ಇಂದಿಗೂ ನಿಮ್ಮಂತೆ ಒಂದೇ ಪಹಣಿಯಲ್ಲಿ ಹತ್ತಾರು ಹೆಸರುಗಳ ನಡುವೆ ಸಿಕ್ಕಿಕೊಂಡಿವೆ. ಅಂದಿನ ಕಚೇರಿಗಳು ಆದೇಶ ಹೊರಡಿಸಿ, ಕಿಮ್ಮತ್ತು ಕಟ್ಟಿಸಿಕೊಂಡು, ಚೀಟಿ ಕೊಟ್ಟವು. ಆದರೆ ಮಂಜೂರಾದ ತುಂಡನ್ನು ಅಳೆದು, ನಕ್ಷೆ ಬರೆದು, ಅದಕ್ಕೆ ಪ್ರತ್ಯೇಕ ನಂಬರು ಕೊಡುವ ಕೆಲಸವನ್ನು ಮುಂದೆ ನೋಡೋಣವೆಂದು ಬಿಟ್ಟವು. ಸರ್ಕಾರ ಅರ್ಧಕ್ಕೆ ನಿಲ್ಲಿಸಿದ ಆ ಕೆಲಸದ ಫಲವನ್ನು ಮುಂದಿನ ತಲೆಮಾರಿನವರಾದ ನೀವು ಉಣ್ಣುತ್ತಿದ್ದೀರಿ. ಜಮೀನು ನಿಮ್ಮದೇ ಆದರೂ ಅದರ ಒಂದು ಭಾಗವನ್ನು ಮಾರಲು ಬೇಕಾದ, ಆ ಭಾಗವನ್ನು ಗುರುತಿಸುವ 11ಇ ನಕ್ಷೆ ಸಿಗುವುದಿಲ್ಲ, ಅಣ್ಣತಮ್ಮಂದಿರ ವಿಭಾಗ ನಿಲ್ಲುತ್ತದೆ, ಬ್ಯಾಂಕಿನವರು ಜಂಟಿ ಪಹಣಿ ಎಂದು ಸಾಲದ ಅರ್ಜಿ ಹಿಂದಿರುಗಿಸುತ್ತಾರೆ.

ಪೋಡಿ ಎಲ್ಲಿ ನಿಂತಿದೆ ಎಂಬುದನ್ನು ಮೊದಲು ತಿಳಿಯಬೇಕು. ದರಖಾಸ್ತು ಜಮೀನಿನ, ಅಂದರೆ ಅರ್ಜಿಯ ಮೇಲೆ ಮಂಜೂರಾದ ಸರ್ಕಾರಿ ಜಮೀನಿನ, ಪೋಡಿಗೆ ಎರಡು ಹಂತಗಳಿವೆ. ಮೊದಲನೆಯದರಲ್ಲಿ ತಹಶೀಲ್ದಾರರ ಕಚೇರಿ ಮಂಜೂರಾತಿಯ ಮೂಲ ದಾಖಲೆಗಳನ್ನು ಪರಿಶೀಲಿಸಿ, ಯಾರಿಗೆ ಎಷ್ಟು ಜಮೀನು ಕಾನೂನುಬದ್ಧವಾಗಿ ಮಂಜೂರಾಗಿದೆ ಎಂದು ನಮೂನೆ 1ರಿಂದ 5ರವರೆಗೆ ತಯಾರಿಸಬೇಕು. ಅದು ಭೂಮಾಪನ ಇಲಾಖೆಗೆ ಹೋದ ಮೇಲೆ ಭೂಮಾಪಕರು ಸ್ಥಳಕ್ಕೆ ಬಂದು ಅಳೆದು, ನಮೂನೆ 6ರಿಂದ 10ರವರೆಗೆ ಪೂರೈಸಿ, ನಕ್ಷೆ ಮತ್ತು ಆಕಾರಬಂದ್ (ವಿಸ್ತೀರ್ಣ, ಕಂದಾಯ ನಮೂದಿಸುವ ಸರ್ವೆ ದಾಖಲೆ) ಸಿದ್ಧಪಡಿಸುತ್ತಾರೆ. ಹೊಸ ನಂಬರು ಬಂದ ನಂತರ ಭೂಮಿ ತಂತ್ರಾಂಶದಲ್ಲಿ ಪಹಣಿ ಬೇರೆಯಾಗುತ್ತದೆ. ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿದರೆ ಸರ್ವೆಯವರನ್ನು ಕೇಳಿ ಎನ್ನುವುದೂ, ಸರ್ವೆ ಶಾಖೆಯವರು 1ರಿಂದ 5 ಬಂದಿಲ್ಲ ಎನ್ನುವುದೂ ಇದೇ ಕಾರಣಕ್ಕೆ. ಎರಡೂ ಕಂದಾಯ ಇಲಾಖೆಯ ಅಡಿಯಲ್ಲೇ ಇದ್ದರೂ, ಅರ್ಜಿಯ ಆದಿಯಿಂದ ಅಂತ್ಯದವರೆಗೆ ಇದು ನನ್ನ ಕೆಲಸ ಎಂದು ಹೇಳಬೇಕಾದ ಒಬ್ಬ ಅಧಿಕಾರಿ ಇಲ್ಲ. ನಿಮ್ಮ ಪ್ರಕರಣ ಮೊದಲ ಹಂತದಲ್ಲೇ, ಮೂಲ ಕಡತ ಇಲ್ಲವೆಂಬ ಕಾರಣಕ್ಕೆ ನಿಂತುಹೋಗಿದೆ.

ಇನ್ನು ಇಷ್ಟೆಲ್ಲ ಯೋಜನೆ ಬಂದೂ ಏಕೆ ಹೀಗೆ ಎಂಬ ನಿಮ್ಮ ಪ್ರಶ್ನೆ. ಭೂಮಿ ಯೋಜನೆಯನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ಕೈಬರಹದ ಪಹಣಿಗಳು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ ಕಾಲವೊಂದಿತ್ತು. ಲೆಕ್ಕಿಗರು ಸಿಕ್ಕಿದ ದಿನ ಪಹಣಿ, ಅವರು ಬರೆದದ್ದೇ ಪಹಣಿ. 2000ದ ಆಸುಪಾಸಿನಲ್ಲಿ ಆ ದಾಖಲೆಗಳೆಲ್ಲ ಗಣಕಕ್ಕೆ ಸೇರಿ, ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿಗೆ ಯಾರಿಗಾದರೂ ಪಹಣಿ ಸಿಗುವಂತಾದದ್ದು ದೊಡ್ಡ ಬದಲಾವಣೆ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ಇತ್ಯರ್ಥಪಡಿಸಬೇಕು, ಬೆರಳಚ್ಚು ಕೊಟ್ಟ ಅಧಿಕಾರಿ ಮಾತ್ರ ದಾಖಲೆ ತಿದ್ದಬಹುದು ಎಂಬ ಎರಡು ಕಟ್ಟುಗಳನ್ನು ತಂತ್ರಾಂಶದೊಳಗೇ ಹೆಣೆದದ್ದು ಅದಕ್ಕಿಂತ ದೊಡ್ಡದು ಎಂದು ನಾನು ಭಾವಿಸುತ್ತೇನೆ. ಅಧಿಕಾರಿಯ ಇಚ್ಛೆಯನ್ನು ಅಷ್ಟರಮಟ್ಟಿಗೆ ನಿಯಮ ಹಿಡಿದು ನಿಲ್ಲಿಸಿತು.

ಆದರೆ ಭೂಮಿ ಮಾಡಿದ್ದು ಕೈಬರಹದಲ್ಲಿ ಇದ್ದುದನ್ನು ಇದ್ದಂತೆಯೇ ಗಣಕಕ್ಕೆ ಏರಿಸುವ ಕೆಲಸ. ಜಂಟಿ ಪಹಣಿ ಜಂಟಿಯಾಗಿಯೇ ಹೋಯಿತು. ಆಕಾರಬಂದಿನ ವಿಸ್ತೀರ್ಣಕ್ಕೂ ಪಹಣಿಯ ವಿಸ್ತೀರ್ಣಕ್ಕೂ ತಾಳೆಯಾಗದ ಕಡೆ ಆ ವ್ಯತ್ಯಾಸವೂ ಜೊತೆಗೇ ಹೋಯಿತು. ಪಹಣಿಯ ಹಿಂದಿರುವ ಮಂಜೂರಾತಿ ಕಡತ, ದರಖಾಸ್ತು ವಹಿ, ಅಳತೆಯ ಟಿಪ್ಪಣಿ ಪುಸ್ತಕ ಇವು ಕಪಾಟಿನಲ್ಲೇ ಉಳಿದವು. ಜನರು ನಿಲ್ಲುವ ಕಿಟಕಿ ಬದಲಾಯಿತು, ಕಿಟಕಿಯ ಹಿಂದಿನ ಕೋಣೆ ಬದಲಾಗಲಿಲ್ಲ. ನಮ್ಮ ಆಡಳಿತ ಸುಧಾರಣೆಯ ಕತೆ ಬಹುಪಾಲು ಇದೇ.

ಸಕಾಲದ ವಿಚಾರ ಇನ್ನೂ ಸೂಕ್ಷ್ಮವಾದದ್ದು. ನಾಗರಿಕರಿಗೆ ಸೇವೆಯನ್ನು ಖಾತರಿಪಡಿಸುವ 2011ರ ಕಾಯ್ದೆಯಡಿ, 2012ರ ಏಪ್ರಿಲ್‌ನಲ್ಲಿ 11 ಇಲಾಖೆಗಳ 151 ಸೇವೆಗಳೊಂದಿಗೆ ಅದು ರಾಜ್ಯವ್ಯಾಪಿಯಾಗಿ ಆರಂಭವಾಯಿತು. ಅರ್ಜಿ ಕೊಟ್ಟವರಿಗೆ ಒಂದು ಸಂಖ್ಯೆ, ಪ್ರತಿ ಸೇವೆಗೂ ಗಡುವು, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ, ಮೇಲೆ ಎರಡು ಹಂತದ ಮೇಲ್ಮನವಿ. ಸರ್ಕಾರಿ ಸೇವೆ ಉಪಕಾರವಲ್ಲ, ಹಕ್ಕು ಎಂಬ ಮಾತನ್ನು ಕಾನೂನಿಗೆ ತಂದ ಒಳ್ಳೆಯ ಕಾಯ್ದೆ ಅದು. ಆದರೆ ಅದು ಅಳೆಯುವುದು ಸಮಯವನ್ನು ಮಾತ್ರ. ಅರ್ಜಿ ಮಂಜೂರಾದರೂ ವಿಲೇವಾರಿ, ತಿರಸ್ಕೃತವಾದರೂ ವಿಲೇವಾರಿ. ಗಡುವಿನ ಹಿಂದಿನ ದಿನ ಒಂದು ಸಾಲಿನ ಹಿಂಬರಹ ಕೊಟ್ಟು ಅರ್ಜಿಯನ್ನು ಮುಗಿಸಿದ ನೌಕರನ ಹೆಸರು ತಿಂಗಳ ಪ್ರಗತಿ ವರದಿಯಲ್ಲಿ ಮೇಲೇರುತ್ತದೆ. ಕಡತ ಹುಡುಕಲು ಎರಡು ವಾರ ಹೆಚ್ಚು ತೆಗೆದುಕೊಂಡವನ ಹೆಸರು ಕೆಳಗಿಳಿಯುತ್ತದೆ. ಹುಡುಕುವ ಶ್ರಮಕ್ಕಿಂತ ‘ಲಭ್ಯವಿಲ್ಲ’ ಎಂದು ಬರೆಯುವುದು ನೌಕರನಿಗೆ ಎಲ್ಲ ರೀತಿಯಲ್ಲೂ ಲಾಭದಾಯಕವಾಗಿರುವ ವ್ಯವಸ್ಥೆಯಿಂದ ಬೇರೆ ಫಲ ನಿರೀಕ್ಷಿಸುವುದು ಕಷ್ಟ. ತಿರಸ್ಕಾರಗಳನ್ನು ಪ್ರತ್ಯೇಕವಾಗಿ ಎಣಿಸಿ, ಪ್ರತಿ ತಾಲ್ಲೂಕಿನಲ್ಲಿ ಯಾವ ಕಾರಣಕ್ಕೆ ಎಷ್ಟು ಅರ್ಜಿಗಳು ತಿರಸ್ಕೃತವಾದವು ಎಂದು ಪ್ರಕಟಿಸಿದರೆ, ಹೊಸ ತಂತ್ರಾಂಶವಾಗಲಿ ಹೊಸ ಕಾಯ್ದೆಯಾಗಲಿ ಇಲ್ಲದೆಯೇ ಬಹಳಷ್ಟು ಬದಲಾಗುತ್ತದೆ.

ಈಗ ಆ ಕಡತದ ವಿಷಯಕ್ಕೆ ಬರುತ್ತೇನೆ. ನನ್ನ ದೃಷ್ಟಿಯಲ್ಲಿ ನಿಮ್ಮ ಪ್ರಶ್ನೆಯ ತಿರುಳು ಇಲ್ಲಿದೆ.

ಕಂದಾಯ ಆಡಳಿತದಲ್ಲಿ ಬಹುಕಾಲ ಇದ್ದವನಾಗಿ ತಾಲ್ಲೂಕು ಕಚೇರಿಯ ಅಭಿಲೇಖಾಲಯ ಹೇಗಿರುತ್ತದೆಂದು ಬಲ್ಲೆ. ಗ್ರಾಮವಾರು ಇಡಬೇಕಾದ ಬಟ್ಟೆಯ ಕಟ್ಟುಗಳು ಕಬ್ಬಿಣದ ಕಪಾಟುಗಳಲ್ಲಿ ಸೂರಿನವರೆಗೆ ಏರಿರುತ್ತವೆ. ಕಡತವೊಂದನ್ನು ಹೊರತೆಗೆದಾಗ ಅದರ ಜಾಗದಲ್ಲಿ ಯಾರು, ಯಾವ ದಿನ, ಯಾವ ಕೆಲಸಕ್ಕೆ ಒಯ್ದರು ಎಂಬ ಚೀಟಿ ಇಡಬೇಕು, ವಹಿಯಲ್ಲೂ ಬರೆಯಬೇಕು. ನ್ಯಾಯಾಲಯಕ್ಕೆ ಹಾಜರುಪಡಿಸಲೆಂದು ಒಬ್ಬ ವಿಷಯ ನಿರ್ವಾಹಕರು ಕಡತ ಒಯ್ಯುತ್ತಾರೆ. ಉಪವಿಭಾಗಾಧಿಕಾರಿಗಳ ಮುಂದಿನ ಮೇಲ್ಮನವಿಗೆಂದು ಇನ್ನೊಬ್ಬರು ಒಯ್ಯುತ್ತಾರೆ. ಅಷ್ಟರಲ್ಲಿ ವರ್ಗಾವಣೆ ಬರುತ್ತದೆ. ಹೊಸಬರಿಗೆ ಕೊಡುವ ಪ್ರಭಾರ ಪಟ್ಟಿಯಲ್ಲಿ ‘ಚಾಲ್ತಿ ಕಡತಗಳು’ ಎಂಬ ಒಂದು ಸಾಲಿರುತ್ತದೆಯೇ ಹೊರತು ಯಾವ ಕಡತ ಎಲ್ಲಿದೆ ಎಂಬುದಿರುವುದಿಲ್ಲ. ಕಡತಗಳು ಬಹುಪಾಲು ಕಳೆಯುವುದು ಹೀಗೆ, ಒಂದು ವಹಿಯ ಒಂದು ಸಾಲು ಬರೆಯದೇ ಇದ್ದುದರಿಂದ. ದುರುದ್ದೇಶದಿಂದ ಕಡತ ಮಾಯವಾಗುವುದೂ ಇದೆ, ಅಲ್ಲಗಳೆಯುವುದಿಲ್ಲ. ಆದರೆ ಅಂಥ ಕಳ್ಳತನಕ್ಕೆ ಮರೆ ಒದಗಿಸುವುದೂ ಇದೇ ಅಶಿಸ್ತು.

ಹೀಗೆ ಕಚೇರಿಯ ಸುಪರ್ದಿನಲ್ಲಿದ್ದ ದಾಖಲೆ ಕಚೇರಿಯಲ್ಲೇ ಕಳೆದಾಗ, ಅದನ್ನು ತಂದುಕೊಡುವ ಹೊಣೆಯನ್ನು ರೈತನ ತಲೆಗೆ ಕಟ್ಟುವುದು ಯಾವ ನ್ಯಾಯ? ಕಾನೂನೂ ಹಾಗೆ ಹೇಳುವುದಿಲ್ಲ. ಭೂಕಂದಾಯ ಅಧಿನಿಯಮ 1964ರ 133ನೇ ಕಲಮಿನ ಪ್ರಕಾರ ಪಹಣಿಯಲ್ಲಿರುವ ನಮೂದು, ಬೇರೆಯದೇ ರುಜುವಾತಾಗುವವರೆಗೆ, ನಿಜವೆಂದೇ ಭಾವಿಸತಕ್ಕದ್ದು. ರಾಜ್ಯದ 2010ರ ಸಾರ್ವಜನಿಕ ದಾಖಲೆಗಳ ಕಾಯ್ದೆ ದಾಖಲೆ ಕಾಯುವ ಹೊಣೆಯನ್ನು ಕಚೇರಿಗೇ ವಹಿಸಿದೆ. ಮಾಹಿತಿ ಹಕ್ಕಿನ ಪ್ರಕರಣವೊಂದರಲ್ಲಿ ದೆಹಲಿ ಹೈಕೋರ್ಟ್ 2013ರಲ್ಲಿ, ಹಿಂದೆ ಇದ್ದ ದಾಖಲೆ ಈಗ ಸಿಗುತ್ತಿಲ್ಲ ಎಂದಷ್ಟೇ ಹೇಳಿ ಇಲಾಖೆ ಕೈಚೆಲ್ಲುವಂತಿಲ್ಲ, ಅದನ್ನು ಹುಡುಕಲು ಪೂರ್ಣ ಪ್ರಯತ್ನ ಮಾಡಿ, ಸಿಗದಿದ್ದರೆ ವಿಚಾರಣೆ ನಡೆಸಿ ಹೊಣೆ ನಿಗದಿಪಡಿಸಬೇಕು ಎಂದು ಸ್ಪಷ್ಟಪಡಿಸಿದೆ. ಇವೆಲ್ಲ ಇದ್ದೂ ಹಿಂಬರಹದಲ್ಲಿ ಬರುವುದು ಮಾತ್ರ ‘ತಾವೇ ದಾಖಲೆ ಹಾಜರುಪಡಿಸುವುದು’ ಎಂಬ ಸಾಲು.

ಬ್ಯಾಂಕುಗಳ ವಿಷಯದಲ್ಲಿ ಏನಾಗಿದೆ ನೋಡಿ. ಸಾಲ ತೀರಿದ 30 ದಿನಗಳೊಳಗೆ ಆಸ್ತಿಪತ್ರ ಹಿಂದಿರುಗಿಸಬೇಕು, ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು, ಪತ್ರ ಕಳೆದರೆ ನಕಲು ಪಡೆಯಲು ಸಾಲಗಾರನಿಗೆ ನೆರವಾಗಿ ಅದರ ವೆಚ್ಚವನ್ನೂ ಬ್ಯಾಂಕೇ ಭರಿಸಬೇಕು ಎಂದು ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರ್‌ನಲ್ಲಿ ಆದೇಶಿಸಿತು. ಬ್ಯಾಂಕಿನ ಕಪಾಟಿನಲ್ಲಿ ಕಳೆದ ಪತ್ರಕ್ಕೆ ಬ್ಯಾಂಕು ಹೊಣೆ ಎಂಬುದು ಇಂದು ಯಾರಿಗೂ ವಿಚಿತ್ರವೆನಿಸುವುದಿಲ್ಲ. ತಾಲ್ಲೂಕು ಕಚೇರಿಯ ಕಪಾಟಿಗೂ ಅದೇ ನಿಯಮ ಏಕೆ ಅನ್ವಯಿಸಬಾರದು? ನಿಮ್ಮ ಪ್ರಶ್ನೆಗೆ ನನ್ನ ನೇರ ಉತ್ತರ ಇದು: ಕಚೇರಿ ಕಳೆದುಕೊಂಡ ದಾಖಲೆಯನ್ನು ಪುನರ್ರಚಿಸುವ ಹೊಣೆಯನ್ನು ಕಚೇರಿಗೇ, ಗಡುವಿನೊಂದಿಗೆ, ಕಾನೂನಿನಲ್ಲಿ ಬರೆಯಬೇಕು. ನಿಗದಿತ ಅವಧಿಯಲ್ಲಿ ಮಂಜೂರಾತಿ ಸುಳ್ಳೆಂದು ಕಚೇರಿ ತೋರಿಸಲಾಗದಿದ್ದರೆ, ಉಳಿದ ದಾಖಲೆಗಳ ಆಧಾರದ ಮೇಲೆ ನಮೂನೆ 1ರಿಂದ 5ನ್ನು ಪೂರೈಸಲೇಬೇಕು.

ಉಳಿದ ದಾಖಲೆ ಎಂದರೆ ಕಡಿಮೆಯೇನಲ್ಲ. ಮಂಜೂರಾತಿ ಎಂಬುದು ಒಂದೇ ಕಾಗದದಲ್ಲಿ ಮುಗಿಯುವ ವ್ಯವಹಾರವಲ್ಲ. ದರಖಾಸ್ತು ವಹಿಯಲ್ಲಿ ನಮೂದು, ಸಾಗುವಳಿ ಚೀಟಿ ವಿತರಣೆಯ ವಹಿಯಲ್ಲಿ ಸಹಿ, ಕಿಮ್ಮತ್ತು ಕಟ್ಟಿದ ಚಲನ್, ಖಾತೆಯಾದ ಮ್ಯುಟೇಷನ್ ಸಂಖ್ಯೆ, ಅಂದಿನಿಂದ ವರ್ಷವಾರು ಬಂದ ಕೈಬರಹದ ಪಹಣಿ, ಹೀಗೆ ಐದಾರು ಕಡೆ ಅದರ ಗುರುತು ಉಳಿದಿರುತ್ತದೆ. ಒಂದು ಕಳೆದರೂ ಉಳಿದವು ಒಂದಕ್ಕೊಂದು ತಾಳೆಯಾದರೆ ಮಂಜೂರಾತಿ ನಿಜವೆಂದು ನಿರ್ಧರಿಸಲು ಅನುಭವಿ ಶಿರಸ್ತೇದಾರರಿಗೆ ಹೆಚ್ಚು ಹೊತ್ತು ಬೇಕಿಲ್ಲ.

ಹಾಗಿದ್ದೂ ಏಕೆ ನಿರ್ಧರಿಸುವುದಿಲ್ಲ? ಇದೆಲ್ಲ ಲಂಚಕ್ಕಾಗಿ ಎಂದು ಹೇಳಿಬಿಡುವುದು ಸುಲಭ, ಕೆಲವೆಡೆ ನಿಜವೂ ಹೌದು. ಆದರೆ ಪ್ರಾಮಾಣಿಕ ತಹಶೀಲ್ದಾರರೂ ಇಂಥ ಕಡತಕ್ಕೆ ಸಹಿ ಹಾಕಲು ಹಿಂಜರಿಯುತ್ತಾರೆ, ಅದಕ್ಕೆ ಕಾರಣವಿದೆ. ನಕಲಿ ಸಾಗುವಳಿ ಚೀಟಿಗಳ ಹಾವಳಿ ನಿಜವಾದದ್ದು. ಎಷ್ಟೋ ಗೋಮಾಳಗಳಲ್ಲಿ ಇರುವ ವಿಸ್ತೀರ್ಣಕ್ಕಿಂತ ಹೆಚ್ಚು ಮಂಜೂರಾಗಿದೆ. ಅಳೆಯಲು ಹೋದರೆ ಕೊನೆಯ ಮೂರ್ನಾಲ್ಕು ಜನರಿಗೆ ಜಮೀನೇ ಉಳಿಯುವುದಿಲ್ಲ. ಒಪ್ಪಿಗೆ ಕೊಟ್ಟ ಅಧಿಕಾರಿ ಹತ್ತು ವರ್ಷದ ನಂತರವೂ ಇಲಾಖಾ ವಿಚಾರಣೆ ಎದುರಿಸಬೇಕಾಗಬಹುದು. ತಿರಸ್ಕರಿಸಿದ ಅಧಿಕಾರಿಯನ್ನು ಯಾರೂ ಏನೂ ಕೇಳುವುದಿಲ್ಲ. ಒಪ್ಪಿದರೆ ಅಪಾಯ, ನಿರಾಕರಿಸಿದರೆ ಕ್ಷೇಮ ಎಂಬ ಸ್ಥಿತಿ ಇರುವವರೆಗೆ ಒಳ್ಳೆಯವರೂ ನಿರಾಕರಿಸುತ್ತಲೇ ಇರುತ್ತಾರೆ. ಆದ್ದರಿಂದ ಒಬ್ಬರ ಸಹಿಯ ಬದಲು, ತಹಶೀಲ್ದಾರರು, ಭೂದಾಖಲೆಗಳ ಸಹಾಯಕ ನಿರ್ದೇಶಕರು ಮತ್ತು ಉಪವಿಭಾಗಾಧಿಕಾರಿಗಳು ಒಟ್ಟಿಗೆ ಕುಳಿತು, ಒಂದು ಸರ್ವೆ ನಂಬರಿನ ಎಲ್ಲ ಮಂಜೂರಾತಿಗಳನ್ನು ಒಂದೇ ಬಾರಿಗೆ, ಆ ಊರಿನಲ್ಲೇ, ಎಲ್ಲ ಹಿಡುವಳಿದಾರರ ಎದುರು ಪರಿಶೀಲಿಸಿ ಕಾರಣಸಹಿತ ನಡವಳಿ ಬರೆಯಬೇಕು. ಹಾಗೆ ಬಹಿರಂಗವಾಗಿ, ದಾಖಲೆಯ ಮೇಲೆ ಕೈಗೊಂಡ ತೀರ್ಮಾನಕ್ಕಾಗಿ, ದುರುದ್ದೇಶದ ಸಾಕ್ಷ್ಯವಿಲ್ಲದೆ ಅಧಿಕಾರಿಯನ್ನು ವೈಯಕ್ತಿಕವಾಗಿ ಶಿಕ್ಷಿಸಬಾರದು. ಬಿಡಿ ಬಿಡಿ ಅರ್ಜಿಯ ಮೇಲೆ ಪೋಡಿ ಮಾಡುವುದರಿಂದ ಓಡಾಡಲು ಶಕ್ತಿಯಿದ್ದವರ ತುಂಡು ಬೇರೆಯಾಗಿ, ಅಶಕ್ತರ ಪಾಲಿಗೆ ಉಳಿದ ಕಲ್ಲುಬಂಡೆ ಬರುವುದನ್ನೂ ಇದು ತಪ್ಪಿಸುತ್ತದೆ.

ಸರ್ಕಾರ ಏನೂ ಮಾಡುತ್ತಿಲ್ಲ ಎಂದರೆ ಅನ್ಯಾಯವಾಗುತ್ತದೆ. ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ 2024ರಲ್ಲಿ ಆರಂಭವಾಗಿದೆ. ದರಖಾಸ್ತು ಪೋಡಿಯನ್ನು ಅಭಿಯಾನದ ರೂಪದಲ್ಲೂ ಕೈಗೊಳ್ಳಲಾಗಿದೆ. ಇವು ಸರಿಯಾದ ಹೆಜ್ಜೆಗಳೇ. ನನ್ನ ಒತ್ತಾಯ ಒಂದೇ: ಸ್ಕ್ಯಾನ್ ಆದ ಪುಟಗಳ ಲೆಕ್ಕದ ಜೊತೆಗೆ, ವಹಿಯಲ್ಲಿ ಹೆಸರಿದ್ದು ಕಪಾಟಿನಲ್ಲಿ ಇಲ್ಲದ ಕಡತಗಳ ಪಟ್ಟಿಯನ್ನೂ ಗ್ರಾಮವಾರು ಪ್ರಕಟಿಸಬೇಕು. ಇಂದು ಆ ಪಟ್ಟಿ ಮಾಡದಿದ್ದರೆ, ನಾಳೆ ಸ್ಕ್ಯಾನ್‌ನಲ್ಲಿ ಇಲ್ಲ ಎಂಬುದೇ ಕಡತ ಎಂದೂ ಇರಲಿಲ್ಲ ಎಂಬುದಕ್ಕೆ ಸಾಕ್ಷಿಯಾಗಿಬಿಡುವ ಅಪಾಯವಿದೆ.

ವರ್ಗಾವಣೆಯ ಮಾತನ್ನೂ ಹೇಳದೆ ಇರಲಾರೆ. ಒಂದು ತಾಲ್ಲೂಕಿನ ಗೋಮಾಳಗಳ ಚರಿತ್ರೆ ಅರ್ಥವಾಗಲು ತಹಶೀಲ್ದಾರರಿಗೆ ಒಂದು ವರ್ಷವಾದರೂ ಬೇಕು. ಅಷ್ಟರೊಳಗೆ ಶಿಫಾರಸು ಪತ್ರದ ಮೇಲೆ ಬೇರೊಬ್ಬರು ಬಂದು ಕುಳಿತರೆ ಎಲ್ಲವೂ ಮತ್ತೆ ಮೊದಲಿನಿಂದ. ಅಖಿಲ ಭಾರತ ಸೇವೆಯ ಅಧಿಕಾರಿಗಳ ವಿಷಯದಲ್ಲಿ ಕನಿಷ್ಠ ಅವಧಿ ನಿಗದಿಪಡಿಸಬೇಕು, ವರ್ಗಾವಣೆಗೆ ನಾಗರಿಕ ಸೇವಾ ಮಂಡಳಿಯ ಸಲಹೆ ಪಡೆಯಬೇಕು, ಮೌಖಿಕ ಆದೇಶವನ್ನು ಬರಹದಲ್ಲಿ ದಾಖಲಿಸಬೇಕು ಎಂದು ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಜನರು ದಿನವೂ ಎದುರಿಸುವ ತಾಲ್ಲೂಕು ಹಂತದ ಹುದ್ದೆಗಳಿಗೆ ಆ ಶಿಸ್ತು ಇನ್ನೂ ಹೆಚ್ಚು ಅಗತ್ಯ. ಇದು ಅಸಾಧ್ಯವೂ ಅಲ್ಲ. ಸರ್ಕಾರಿ ಶಾಲಾ ಶಿಕ್ಷಕರ ವರ್ಗಾವಣೆಯನ್ನು ನಿಯಂತ್ರಿಸಲು 2007ರಲ್ಲೇ ಕಾಯ್ದೆ ತಂದು, ಅಂಕ ಮತ್ತು ಆದ್ಯತೆಯ ಪಟ್ಟಿ ಪ್ರಕಟಿಸಿ ಕೌನ್ಸೆಲಿಂಗ್ ನಡೆಸುವ ಪದ್ಧತಿಯನ್ನು ಇದೇ ರಾಜ್ಯ ಕಟ್ಟಿದೆ. ಕೊರತೆಗಳಿದ್ದರೂ ಶಿಕ್ಷಕರೊಬ್ಬರು ಇಂದು ತಮ್ಮ ಸರದಿ ಎಲ್ಲಿದೆ ಎಂದು ಕಣ್ಣಾರೆ ನೋಡಬಲ್ಲರು.

ಭ್ರಷ್ಟಾಚಾರ ನಿಗ್ರಹದ ಸಂಸ್ಥೆಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. 2016ರಲ್ಲಿ ಸ್ಥಾಪಿಸಿದ ಭ್ರಷ್ಟಾಚಾರ ನಿಗ್ರಹ ದಳವನ್ನು ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ರದ್ದುಪಡಿಸಿ ಲೋಕಾಯುಕ್ತಕ್ಕೆ ಅಧಿಕಾರ ಮರಳಿಸಿದ್ದು ಒಳ್ಳೆಯದೇ ಆಯಿತು. ಆದರೆ ಲಂಚ ಪಡೆಯುವಾಗ ಹಿಡಿಯುವ ಸಂಸ್ಥೆ ಎಷ್ಟೇ ಬಲವಾಗಿದ್ದರೂ ಕಾರಣ ಹೇಳದೆ ಕೈಬಿಟ್ಟ ಕಡತವನ್ನು ಅದು ಮೇಜಿಗೆ ತರಲಾರದು. ಆಯೋಗಗಳ ವರದಿಗಳಿಗೂ ಬರವಿಲ್ಲ: ಕೇಂದ್ರದಲ್ಲಿ ವೀರಪ್ಪ ಮೊಯಿಲಿಯವರ ಅಧ್ಯಕ್ಷತೆಯ ಎರಡನೇ ಆಡಳಿತ ಸುಧಾರಣಾ ಆಯೋಗ 15 ವರದಿ ಕೊಟ್ಟಿತು, ರಾಜ್ಯದಲ್ಲಿ 2021ರಲ್ಲಿ ಟಿ.ಎಂ. ವಿಜಯಭಾಸ್ಕರ್ ಅವರ ನೇತೃತ್ವದಲ್ಲಿ ರಚನೆಯಾದ ಆಯೋಗವೂ ಸರಣಿಯಾಗಿ ವರದಿಗಳನ್ನು ಸಲ್ಲಿಸಿತು. ಒಪ್ಪಿಕೊಂಡ ಶಿಫಾರಸುಗಳಲ್ಲಿ ಯಾವುದು ಯಾವ ಕಚೇರಿಯಲ್ಲಿ ಜಾರಿಯಾಯಿತು ಎಂಬ ಲೆಕ್ಕವನ್ನು ಪ್ರತಿ ವರ್ಷ ವಿಧಾನಮಂಡಲದ ಮುಂದಿಡುವ ಕಟ್ಟುಪಾಡು ಬೇಕಾಗಿದೆ.

ಇನ್ನು, ಸುಧಾರಣೆಗಾಗಿ ಕಾಯುತ್ತ ಕೂರದೆ ನೀವು ಈಗಲೇ ಮಾಡಬಹುದಾದದ್ದು. ‘ಕಡತ ಲಭ್ಯವಿಲ್ಲ’ ಎಂಬ ಹಿಂಬರಹದ ವಿರುದ್ಧ ಸಕಾಲದಡಿ ಸಕ್ಷಮ ಅಧಿಕಾರಿಗೆ ತಡಮಾಡದೆ ಮೇಲ್ಮನವಿ ಸಲ್ಲಿಸಿ. ಜೊತೆಗೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಡಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕಾದ್ದರಿಂದ ಎಲ್ಲವನ್ನೂ ಒಂದರಲ್ಲೇ ತುಂಬಬೇಡಿ. ಒಂದು ಅರ್ಜಿಯಲ್ಲಿ ನಿಮ್ಮ ಗ್ರಾಮದ ದರಖಾಸ್ತು ವಹಿಯ ಮತ್ತು ಸಾಗುವಳಿ ಚೀಟಿ ವಿತರಣಾ ವಹಿಯ ಆ ವರ್ಷದ ಪುಟಗಳ ದೃಢೀಕೃತ ನಕಲು ಕೇಳಿ, ವಹಿಗಳನ್ನು ಖುದ್ದಾಗಿ ನೋಡಲು ಅವಕಾಶವನ್ನೂ ಕೇಳಿ. ಅದು ನಿಮ್ಮ ಹಕ್ಕು. ಇನ್ನೊಂದರಲ್ಲಿ, ಆ ಕಡತವನ್ನು ಕೊನೆಯದಾಗಿ ಯಾರು ಪಡೆದರು, ಅದು ಕಳೆದಿದೆಯೆಂದು ಯಾವ ದಿನ ದಾಖಲಾಯಿತು, ಆ ಬಗ್ಗೆ ಯಾವ ಕ್ರಮ ಕೈಗೊಳ್ಳಲಾಗಿದೆ ಎಂದು ತಿಳಿಸುವ ದಾಖಲೆಗಳನ್ನು ಕೇಳಿ. ಬಾಧಿತರಿಗೆ ಆಡಳಿತಾತ್ಮಕ ತೀರ್ಮಾನದ ಕಾರಣ ತಿಳಿಸಬೇಕೆಂದು ಅದೇ ಕಾಯ್ದೆಯ 4(1)(ಡಿ) ಹೇಳುತ್ತದೆ, ಅದನ್ನು ಉಲ್ಲೇಖಿಸಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಪ್ರಥಮ ಮೇಲ್ಮನವಿ ಸಲ್ಲಿಸಬೇಕು.

ಅದೇ ಸರ್ವೆ ನಂಬರಿನ ಉಳಿದ ಹಿಡುವಳಿದಾರರನ್ನು ಜೊತೆಗೂಡಿಸಿ ಒಟ್ಟಾಗಿ ಪೋಡಿ ಕೋರಿಕೆ ಸಲ್ಲಿಸುವುದು ಎಲ್ಲಕ್ಕಿಂತ ಪರಿಣಾಮಕಾರಿ. ಇಪ್ಪತ್ತು ಜನರ ಚೀಟಿ, ಚಲನ್, ರಸೀದಿಗಳು ಒಟ್ಟಿಗೆ ಮೇಜಿನ ಮೇಲೆ ಬಂದರೆ ಕಳೆದ ಕಡತದ ಬಹುಪಾಲು ತಾನೇ ಪುನರ್ರಚನೆಯಾಗುತ್ತದೆ. ಸಾಗುವಳಿ ಚೀಟಿಯ ಮೂಲ ಪ್ರತಿಯನ್ನು ಮಧ್ಯವರ್ತಿಗಳ ಕೈಗಾಗಲಿ, ಕಚೇರಿಗಾಗಲಿ ಯಾವ ಕಾರಣಕ್ಕೂ ಬಿಟ್ಟುಬರಬೇಡಿ. ಪರಿಶೀಲನೆಗೆ ಕೇಳಿದರೆ ಅಧಿಕಾರಿಯ ಎದುರೇ ತೋರಿಸಿ, ನಕಲು ಕೊಟ್ಟು, ಅದಕ್ಕೆ ದಿನಾಂಕ ಮತ್ತು ಮೊಹರು ಸಹಿತ ಸ್ವೀಕೃತಿ ಪಡೆದುಕೊಳ್ಳಿ.